ಯಾವಾಗ ಕೂಗ್ತದೆ, ಅದನ್ನು ಹೇಳು

(ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಹಳೆಯ ಫೋರ್ ವೀಲ್ ಡ್ರೈವ್ ಜೀಪಿನ ಚಾಲಕನಿಗೂ ನಿಟ್ಟೂರು ಕಡೆಯ ಹಿರಿಯ ಮೇಸ್ತ್ರಿಗೂ ನಡೆದ ಮಾತು)

ಚಾಲಕ: ಮೇಸ್ತ್ರೇ, ಹಿಂದಿನ ಕ್ರೌನ್ ಪಿನಿಯನ್ ಬದಲಿಸಬೇಕು. ಸೆಟ್ ಎಲ್ಲಿ ಸಿಗ್ತದೆ, ಕೂಲಿ ಎಷ್ಟಾಗ್ತದೆ ಅಂತ ಕೇಳ್ಲಿಕ್ಕೆ ಬಂದೆ.

ಮೇಸ್ತ್ರಿ: ಬದಲಿಸಬೇಕು ಅಂದವರು ಯಾರು?

ಚಾಲಕ: ಪೇಟೆಯ ಗ್ಯಾರೇಜಿನವರು. ಅಡಿಯಿಂದ ಕರಕರ ಅಂತ ಶಬ್ದ ಬರ್ತದೆ ಅಂದೆ. ಒಂದು ಸುತ್ತು ಓಡಿಸಿ ಬಂದು, ಹಿಂದಿನ ಕ್ರೌನ್ ಹೋಗಿದೆ ಅಂದರು.

ಮೇಸ್ತ್ರಿ: ಬಿಚ್ಚಿ ನೋಡಿದರಾ? ಆಯಿಲ್ ಇಳಿಸಿ ನೋಡಿದರಾ?

ಚಾಲಕ: ಎರಡೂ ಇಲ್ಲ. ಕಿವಿಯಲ್ಲೇ ಗೊತ್ತಾಗ್ತದೆ ಅಂದರು.

ಮೇಸ್ತ್ರಿ: ಹಾಗಾದರೆ ಸೆಟ್ಟಿನ ಮಾತು ಆಮೇಲೆ. ಶಬ್ದ ಯಾವಾಗ ಬರ್ತದೆ?

ಚಾಲಕ: ಯಾವಾಗಲೂ ಬರ್ತದೆ. ಹಿಂದಿನ ಸೀಟಿನ ಕೆಳಗೇ ಬರ್ತದೆ. ಕೂತವರೂ ಹಾಗೇ ಹೇಳ್ತಾರೆ.

ಮೇಸ್ತ್ರಿ: ಎಲ್ಲಿಂದ ಅಂತ ನಾನು ಕೇಳಲಿಲ್ಲ ಮಾರಾಯ. ಚಾಸಿ ಅಂದರೆ ಮುಂದಿನಿಂದ ಹಿಂದಿನವರೆಗೆ ಎರಡು ಉದ್ದದ ಉಕ್ಕು. ಇಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಕಮಾನು ಪಟ್ಟೆ, ಎಲ್ಲ ಅದಕ್ಕೇ ಕಟ್ಟಿದ್ದು. ಮುಂದಿನ ಚಕ್ರದಲ್ಲಿ ಹುಟ್ಟಿದ ಶಬ್ದ ಅದರೊಳಗೇ ಹರಿದು, ಹಿಂದೆ ಎಲ್ಲಿ ತಗಡು ಸಡಿಲ ಇದೆಯೋ ಅಲ್ಲಿ ದೊಡ್ಡದಾಗಿ ಕೇಳ್ತದೆ. ಜಾಗದ ವಿಷಯದಲ್ಲಿ ಕಿವಿಯನ್ನು ನಂಬಲಿಕ್ಕಾಗುವುದಿಲ್ಲ, ಹೊತ್ತಿನ ವಿಷಯದಲ್ಲಿ ನಂಬಬಹುದು. ನಿಂತಾಗ ಬರ್ತದಾ?

ಚಾಲಕ: ಇಲ್ಲ. ಓಡುವಾಗ ಮಾತ್ರ.

ಮೇಸ್ತ್ರಿ: ಹೌದಲ್ಲ, ಯಾವಾಗಲೂ ಅಂದದ್ದು ಆಗಲೇ ಅರ್ಧ ಆಯಿತು. ಈಗ ಇಂಜಿನ್ ಚಾಲೂ ಮಾಡು. ನ್ಯೂಟ್ರಲ್‌ನಲ್ಲೇ ಇರಲಿ. ಕ್ಲಚ್ ಒತ್ತು. ಬಿಡು. ಇನ್ನೊಮ್ಮೆ ಒತ್ತು.

ಚಾಲಕ: ಬಿಟ್ಟಾಗ ಸಣ್ಣ ಗುಂಯ್ ಇದೆ. ಒತ್ತಿದರೆ ನಿಲ್ತದೆ. ಇದೇನಾ?

ಮೇಸ್ತ್ರಿ: ನಿನ್ನ ಕರಕರ ಹೀಗಿತ್ತಾ?

ಚಾಲಕ: ಇಲ್ಲ, ಇದು ತೆಳ್ಳಗಿದೆ.

ಮೇಸ್ತ್ರಿ: ಹಾಗಾದರೆ ಇದು ಹಲ್ಲುಗಳ ಸಹಜ ಸದ್ದು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟರೆ ಇಂಜಿನ್ನಿನ ಜೊತೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟೂ ಅದರ ಕೆಳಗಿನ ಲೇ ಶಾಫ್ಟೂ ತಿರುಗ್ತವೆ. ಒತ್ತಿದರೆ ನಿಲ್ತವೆ. ಬಿಟ್ಟಾಗ ಗರಗರ ಅಂದು ಒತ್ತಿದಾಗ ಸುಮ್ಮನಾದರೆ ಆ ಶಾಫ್ಟುಗಳ ಬೇರಿಂಗ್ ನೋಡಬೇಕು. ತಿರುಗಾಮುರುಗಾ ಆಗಿ, ಒತ್ತಿದಾಗಲೇ ಕೂಗಿದರೆ ರಿಲೀಸ್ ಬೇರಿಂಗ್. ನಿನ್ನದರಲ್ಲಿ ಎರಡೂ ಇಲ್ಲ. ಒಂದು ಸ್ಪ್ಯಾನರ್ ಮುಟ್ಟದೆ ಕ್ಲಚ್ಚಿನ ಮನೆ ಬಿಟ್ಟು ಮುಂದೆ ಬಂದೆವು. ಹೊರಡು, ಟಾರ್ ರಸ್ತೆಗೆ ಹಾಕು. ಟೂ ವೀಲ್‌ನಲ್ಲಿದೆ ತಾನೇ?

ಚಾಲಕ: ಟೂ ವೀಲ್‌ನಲ್ಲೇ ಇದೆ. ಕೇಳಿ, ಬಂತು. ಎರಡನೇ ಗೇರಿನಲ್ಲಿದ್ದೇನೆ.

ಮೇಸ್ತ್ರಿ: ಮೂರಕ್ಕೆ ಹಾಕು. ಈಗ ನಾಲ್ಕಕ್ಕೆ. ವೇಗ ಅಷ್ಟೇ ಇರಲಿ.

ಚಾಲಕ: ಏನೂ ಬದಲಾಗಲಿಲ್ಲ.

ಮೇಸ್ತ್ರಿ: ಅದು ದೊಡ್ಡ ಉತ್ತರ. ಈ ನಾಲ್ಕು ಗೇರಿನ ಬಾಕ್ಸಿನಲ್ಲಿ ಕೊನೆಯ ಗೇರು ಅಂದರೆ ನೇರ ದಾರಿ. ಇನ್‌ಪುಟ್ ಶಾಫ್ಟನ್ನೂ ಮೇನ್ ಶಾಫ್ಟನ್ನೂ ಒಂದಕ್ಕೊಂದು ಬಿಗಿದುಬಿಡ್ತದೆ. ಲೇ ಶಾಫ್ಟ್ ತಿರುಗ್ತಾ ಇರ್ತದೆ, ಆದರೆ ಎಳೆತ ಅದರ ಮೇಲೆ ಬೀಳುವುದಿಲ್ಲ. ಒಂದು, ಎರಡು, ಮೂರರಲ್ಲಿ ಕೂಗಿ ನಾಲ್ಕರಲ್ಲಿ ಸುಮ್ಮನಾದರೆ ಲೇ ಶಾಫ್ಟಿನ ಬೇರಿಂಗೋ ಹಲ್ಲೋ. ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನ ಜೋಡಿ ಮಾತ್ರ. ನಾಲ್ಕರಲ್ಲೂ ಒಂದೇ ಸಮ ಕೂಗಿದರೆ ಗೇರ್ ಬಾಕ್ಸಿನಿಂದ ಆಚೆಗೆ ಹೋಗು. ಈಗ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡು, ಹಾಗೇ ಉರುಳಲಿ. ಇಂಜಿನ್ ಆರಿಸಬೇಡ. ಆರಿಸಿದರೆ ಬ್ರೇಕಿನ ಬಲ ಹೋಗ್ತದೆ.

ಚಾಲಕ: ನ್ಯೂಟ್ರಲ್‌ನಲ್ಲೂ ಇದೆ. ವೇಗ ಇಳಿದ ಹಾಗೆ ಅದೂ ಇಳೀತಾ ಬಂತು.

ಮೇಸ್ತ್ರಿ: ಹಾಗಾದರೆ ಅದು ಚಕ್ರಕ್ಕೆ ಸೇರಿದ್ದು, ಇಂಜಿನ್ನಿಗೆ ಸೇರಿದ್ದಲ್ಲ. ಉಳಿದವರು ಯಾರು? ಟ್ರಾನ್ಸ್‌ಫರ್ ಕೇಸ್, ಎರಡು ಪ್ರೊಪೆಲ್ಲರ್ ಶಾಫ್ಟ್, ಎರಡು ಡಿಫ್ರೆನ್ಷಿಯಲ್, ನಾಲ್ಕು ಹಬ್ಬು, ಬ್ರೇಕು.

ಚಾಲಕ: ಟ್ರಾನ್ಸ್‌ಫರ್ ಕೇಸ್ ಇರಬಹುದಾ? ಹೊಸ ಗಾಡಿಯಲ್ಲಿ ಕೂತರೆ ಈ ಥರ ಗುಂಯ್‌ಗುಟ್ಟುವುದಿಲ್ಲ.

ಮೇಸ್ತ್ರಿ: ಹೊಸ ಗಾಡಿಯ ಬಹಳಷ್ಟು ಟ್ರಾನ್ಸ್‌ಫರ್ ಕೇಸಿನೊಳಗೆ ಚೈನ್ ಇರ್ತದೆ. ನಿನ್ನದರಲ್ಲಿ ಎಲ್ಲ ಹಲ್ಲು. ಇದು ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಿಂದ ಬಂದ ವಿನ್ಯಾಸ. ಟೂ ವೀಲ್ ಹೈನಲ್ಲಿ ಕೂಡ ಎಳೆತ ನೇರ ಹೋಗುವುದಿಲ್ಲ. ಮೇನ್ ಗೇರಿನಿಂದ ನಡುವಿನ ಗೇರಿಗೆ, ಅಲ್ಲಿಂದ ಪಕ್ಕದ ಔಟ್‌ಪುಟ್ ಗೇರಿಗೆ. ಅದಕ್ಕೇ ನಿನ್ನ ಪ್ರೊಪೆಲ್ಲರ್ ಶಾಫ್ಟ್ ಗಾಡಿಯ ನಡುಮಧ್ಯದಲ್ಲಿ ಇಲ್ಲ, ಒಂದು ಬದಿಗೆ ಇದೆ. ನಡುವಿನ ಗೇರು ಸೂಜಿ ಬೇರಿಂಗಿನ ಮೇಲೆ ತಿರುಗ್ತದೆ, ಸವೆಯುವುದು ಮೊದಲು ಅದೇ. ಆದರೆ ಅದರ ಕೂಗು ಎಳೆತ ಬಿದ್ದಾಗ ಏರ್ತದೆ. ಎಕ್ಸಿಲರೇಟರ್ ಒತ್ತು. ಈಗ ಪೂರ್ತಿ ಬಿಡು, ಗೇರಿನಲ್ಲೇ ಇರಲಿ. ಮತ್ತೆ ಒತ್ತು.

ಚಾಲಕ: ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಮೇಸ್ತ್ರಿ: ಪೇಟೆಯವರು ಮಾಡಬೇಕಿದ್ದ ಪರೀಕ್ಷೆ ಇದು. ಡಿಫ್ರೆನ್ಷಿಯಲಿನ ಒಳಗಿರುವ ಕ್ರೌನಿನ ಹಲ್ಲಿಗೆ ಎರಡು ಮೈ. ಇಂಜಿನ್ ಚಕ್ರವನ್ನು ಎಳೆಯುವಾಗ ಒಂದು ಮೈ ಒತ್ತಿಕೊಳ್ತದೆ, ಎಕ್ಸಿಲರೇಟರ್ ಬಿಟ್ಟು ಚಕ್ರವೇ ಇಂಜಿನ್ನನ್ನು ತಿರುಗಿಸುವಾಗ ಇನ್ನೊಂದು ಮೈ. ಎರಡೂ ಒಂದೇ ಥರ ಸವೆಯುವುದು ಅಪರೂಪ. ಕ್ರೌನ್ ಹೋದರೆ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು. ಪಿನಿಯನ್ ಬೇರಿಂಗ್ ಸಡಿಲಾದರೂ ಸ್ವರ ಬದಲಾಗ್ತದೆ. ನಿನ್ನ ಶಬ್ದಕ್ಕೆ ಎಳೆತದ ಪರಿವೆಯೇ ಇಲ್ಲ.

ಚಾಲಕ: ಹಾಗಾದರೆ ಹಿಂದಿನ ಹೌಸಿಂಗ್ ಬಚಾವ್?

ಮೇಸ್ತ್ರಿ: ಈ ಶಬ್ದದಿಂದ ಬಹುಶಃ ಬಚಾವ್. ಆಯಿಲ್ ನೋಡಿ ಆಮೇಲೆ ಗಟ್ಟಿ ಹೇಳ್ತೇನೆ. ಈಗ ರಸ್ತೆ ಖಾಲಿ ಇದೆ, ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಎಳೆ. ಇನ್ನು ಬಲಕ್ಕೆ.

ಚಾಲಕ: ಎಡಕ್ಕೆ ಎಳೆದಾಗ ಜೋರಾಯಿತು! ಬಲಕ್ಕೆ ಬಂದಾಗ ಹೋಯಿತು.

ಮೇಸ್ತ್ರಿ: ಗಾಡಿ ಎಡಕ್ಕೆ ತಿರುಗಿದರೆ ಭಾರ ಬಲಗಡೆಯ ಚಕ್ರದ ಮೇಲೆ ಕೂರ್ತದೆ. ಬಲಗಡೆ ಎರಡು ಚಕ್ರ. ಮುಂದಿನದೋ ಹಿಂದಿನದೋ? ನಿನ್ನ ಮುಂದಿನ ಚಕ್ರಕ್ಕೆ ಹಬ್ ಲಾಕ್ ಇದೆಯಲ್ಲ, ಈಗ ಹೇಗಿದೆ?

ಚಾಲಕ: ಲಾಕ್‌ನಲ್ಲೇ ಇದೆ. ನಾನು ತೆಗೆಯುವುದೇ ಇಲ್ಲ, ಗುಡ್ಡದ ಬುಡದಲ್ಲಿ ಇಳಿದು ತಿರುಗಿಸಲಿಕ್ಕೆ ಉದಾಸೀನ.

ಮೇಸ್ತ್ರಿ: ಯುದ್ಧ ಮುಗಿದ ಮೇಲೆ ಮಿಲಿಟರಿ ಜೀಪುಗಳು ಜನರ ಕೈಗೆ ಬಂದು ಟಾರ್ ರಸ್ತೆಯಲ್ಲಿ ಓಡಲು ಶುರುವಾದಾಗ ಅಮೆರಿಕದಲ್ಲಿ ಆರ್ಥರ್ ವಾರ್ನ್ ಅನ್ನುವವನು 1948ರಲ್ಲಿ ಈ ಹಬ್ ಲಾಕಿನ ವ್ಯಾಪಾರ ಆರಂಭಿಸಿದ. ಅದಿಲ್ಲದಿದ್ದರೆ ಟೂ ವೀಲ್‌ನಲ್ಲೂ ಮುಂದಿನ ಚಕ್ರ ತನ್ನ ಆಕ್ಸಲನ್ನೂ ಕ್ರೌನನ್ನೂ ಪ್ರೊಪೆಲ್ಲರ್ ಶಾಫ್ಟನ್ನೂ ವೃಥಾ ತಿರುಗಿಸ್ತಾ ಇರ್ತದೆ. ಡೀಸೆಲ್ ಉಳಿತಾಯ ಅದರ ಒಂದು ಉಪಯೋಗ. ಶಬ್ದ ಹುಡುಕುವವನಿಗೆ ಇನ್ನೊಂದು. ಇಳಿದು ಎರಡೂ ಬದಿ ಫ್ರೀ ಮಾಡು, ಮತ್ತೆ ಓಡಿಸು. ಶಬ್ದ ನಿಂತರೆ ಮುಂದಿನ ಆಕ್ಸಲ್, ಕ್ರೌನ್, ಶಾಫ್ಟು, ಇವುಗಳಲ್ಲಿ ಯಾವುದೋ ಒಂದು. ನಿಲ್ಲದಿದ್ದರೆ ಅವೆಲ್ಲ ನಿರಪರಾಧಿ, ಯಾಕೆಂದರೆ ಅವು ಈಗ ತಿರುಗುವುದೇ ಇಲ್ಲ.

ಚಾಲಕ: ನಿಲ್ಲಲಿಲ್ಲ ಮೇಸ್ತ್ರೇ. ಹಾಗೇ ಇದೆ.

ಮೇಸ್ತ್ರಿ: ಹಾಗಾದರೆ ಬಲಗಡೆಯ ಮುಂದಿನ ಹಬ್ಬು ಅಥವಾ ಹಿಂದಿನ ಹಬ್ಬು. ನಡೆಯುವ ವೇಗಕ್ಕೆ ಇಳಿಸು. ನಿನ್ನ ಟೈರು ಒಂದು ಸುತ್ತು ಹಾಕಿದರೆ ಗಾಡಿ ಎರಡೂಕಾಲು ಮೀಟರಿನಷ್ಟು ಹೋಗ್ತದೆ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಸುಮಾರು ಐದು ಸುತ್ತು ಹಾಕಿರ್ತದೆ. ಈಗ ಕೇಳು: ಗರ್... ಗರ್... ನಿಧಾನ ಇದೆ, ಚಕ್ರದ ಹೆಜ್ಜೆಗೆ ಇದೆ. ಶಾಫ್ಟಿನ ಕ್ರಾಸ್ ಹೋಗಿದ್ದರೆ ಚಕ್ರದ ಒಂದು ಸುತ್ತಿಗೆ ಐದಾರು ಸಲ ಕಿಚ್‌ಕಿಚ್ ಅನ್ನಬೇಕಿತ್ತು. ಸಾಕು, ಗ್ಯಾರೇಜಿಗೆ ತಿರುಗಿಸು. ಮೊದಲು ಬಲಗಡೆಯ ಮುಂದಿನ ಚಕ್ರ ಎತ್ತೋಣ.

ಚಾಲಕ: ಜಾಕ್ ಕೊಟ್ಟೆ. ಹಿಂದಿನ ಚಕ್ರಗಳಿಗೆ ಕಲ್ಲು ಇಟ್ಟೆ.

ಮೇಸ್ತ್ರಿ: ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸು. ಆಡ್ತದಲ್ಲ? ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ಬೇರಿಂಗಿನ ಸಡಿಲ. ನಿಲ್ಲದಿದ್ದರೆ ಕಿಂಗ್ ಪಿನ್ನಿನ ಸಡಿಲ. ನಿನ್ನದು ನಿಂತಿತು. ಈಗ ಒಂದು ಕೈಯಲ್ಲಿ ಚಕ್ರ ತಿರುಗಿಸು, ಇನ್ನೊಂದು ಕೈಯ ಬೆರಳು ಕಮಾನು ಪಟ್ಟೆಯ ಮೇಲೆ ಇಡು.

ಚಾಲಕ: ಬೆರಳಿಗೆ ಗರಗರ ತಿಳೀತದೆ.

ಮೇಸ್ತ್ರಿ: ಕಿವಿಗಿಂತ ಬೆರಳು ವಾಸಿ. ಡ್ರಮ್ ಬಿಚ್ಚುವಾಗ ಮೊದಲು ಬ್ರೇಕಿನ ಒಳಗೆ ನೋಡು. ಸಣ್ಣ ಜಂಬಿಟ್ಟಿಗೆ ಚೂರು ಡ್ರಮ್ಮಿಗೂ ಹಿಂದಿನ ತಟ್ಟೆಗೂ ನಡುವೆ ಸಿಕ್ಕಿಕೊಂಡರೆ ಎಂಥ ಬೇರಿಂಗನ್ನೂ ನಾಚಿಸುವ ಹಾಗೆ ಕಿರುಚ್ತದೆ. ಲೈನಿಂಗ್ ಸವೆದು ರಿವೆಟ್ ಡ್ರಮ್ಮಿಗೆ ತಾಗಿದರೂ ಹಾಗೇ. ಖರ್ಚಿಲ್ಲದ್ದನ್ನು ಮೊದಲು ನೋಡಬೇಕು. ಕಲ್ಲಿಲ್ಲ, ಲೈನಿಂಗ್ ಇದೆ. ಈಗ ಗ್ರೀಸ್ ನೋಡು.

ಚಾಲಕ: ಬೆಳ್ಳಗೆ ನೀರು ನೀರಾಗಿದೆ. ರೋಲರಿನ ಮೇಲೆ ತುಕ್ಕಿನ ಚುಕ್ಕೆ ಇದೆ.

ಮೇಸ್ತ್ರಿ: ಕಟ್ಟಿನಹೊಳೆ ಕಡೆ ಮಳೆಗಾಲದಲ್ಲಿ ನೀರಿಗೆ ಇಳಿಸ್ತೀಯಲ್ಲ?

ಚಾಲಕ: ಇಳಿಸಲೇಬೇಕು. ಆದರೆ ನೀರು ಹಬ್ಬಿನ ಮಟ್ಟ ದಾಟಿದ್ದು ಸ್ವಲ್ಪ ಹೊತ್ತು ಅಷ್ಟೇ.

ಮೇಸ್ತ್ರಿ: ಹೊತ್ತಿನ ಲೆಕ್ಕ ಅಲ್ಲ, ಬಿಸಿಯ ಲೆಕ್ಕ. ಘಾಟಿ ಇಳಿದು ಬಂದ ಹಬ್ಬು ಕಾದಿರ್ತದೆ, ಒಳಗಿನ ಗಾಳಿ ಹಿಗ್ಗಿರ್ತದೆ. ತಣ್ಣೀರಿಗೆ ಬಿದ್ದ ಕೂಡಲೇ ಆ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಒಳಗೆ ಹೀರ್ತದೆ. ಡಿಫ್ರೆನ್ಷಿಯಲ್ ಹೌಸಿಂಗಿನ ಮೇಲೆ ಬ್ರೀದರ್ ಅಂತ ಸಣ್ಣ ನಳಿಕೆ ಇಟ್ಟಿರುವುದು ಇದಕ್ಕೇ. ಅದು ಕೆಸರಿನಲ್ಲಿ ಮುಚ್ಚಿಹೋದರೆ ಅಲ್ಲೂ ಸೀಲಿನಿಂದಲೇ ಹೀರ್ತದೆ. ನೀರಿಗೆ ಇಳಿಸುವ ಮೊದಲು ಸ್ವಲ್ಪ ನಿಂತು ಆರಲು ಬಿಡು. ಮಳೆಗಾಲ ಮುಗಿದ ಮೇಲೆ ಹಬ್ ಬಿಚ್ಚಿ ಗ್ರೀಸ್ ಬದಲಿಸು. ಹಿಂದಿನ ಡ್ರೈನ್ ಪ್ಲಗ್ ಸಡಿಲ ಮಾಡು, ಆಯಿಲ್ ನೋಡೋಣ. ನೊರೆ ಇಲ್ಲ, ಕಪ್ಪಗಿದೆ. ಪ್ಲಗ್ಗಿನ ತುದಿಯಲ್ಲಿ ಬೂದಿಯಂಥ ನಯವಾದ ಕಬ್ಬಿಣದ ಪುಡಿ ಇದೆ, ಅದು ಸಹಜ. ಚೂರು, ಹಲ್ಲಿನ ಸಿಪ್ಪೆ ಸಿಕ್ಕಿದ್ದರೆ ಪೇಟೆಯವರಿಗೆ ನಾನೇ ಮಾರ್ಕು ಕೊಡ್ತಿದ್ದೆ.

ಚಾಲಕ: ಅಂದರೆ ಒಂದು ಬೇರಿಂಗ್ ಹಾಕಿದರೆ ಮುಗೀತು! ಮೇಸ್ತ್ರೇ, ನನ್ನ ಒಂದು ತಿಂಗಳ ದುಡಿಮೆ ಉಳಿಸಿದಿರಿ.

ಮೇಸ್ತ್ರಿ: ನಿನಗೆ ಬರುವುದು ಇದೊಂದೇ ಶಬ್ದವಾ?

ಚಾಲಕ: ಗುಡ್ಡ ಹತ್ತುವಾಗ ಬೇರೆ ಥರ ಬರ್ತದೆ. ಫೋರ್ ವೀಲ್ ಹಾಕಿದ ಮೇಲೆ ಕಟಕಟ, ಕರ್ರ್ ಅಂತ. ಅದೂ ಇದೇ ಬೇರಿಂಗ್ ಇರಬೇಕು ಅಂತ...

ಮೇಸ್ತ್ರಿ: ಎರಡು ಶಬ್ದವನ್ನು ಒಂದೇ ಹೆಸರಿನಲ್ಲಿ ಹೇಳಿದರೆ ಎಂಥ ಮೇಸ್ತ್ರಿಯೂ ದಾರಿ ತಪ್ತಾನೆ. ಫೋರ್ ವೀಲ್ ಹಾಕಿದರೆ ಹಬ್ಬಿನ ಬೇರಿಂಗಿಗೆ ಹೊಸದೇನೂ ಆಗುವುದಿಲ್ಲ. ಇದು ಬೇರೆ ವಿಷಯ. ಯಾವಾಗ ಬರ್ತದೆ, ತಿರುವಿನಲ್ಲಾ?

ಚಾಲಕ: ತಿರುವಿನಲ್ಲಿ ಜೋರು. ಹಿಂದೆ ಇಳಿದು ಬಂದು ಟಾರು ಸಿಕ್ಕ ಮೇಲೆ ಲಿವರ್ ಎಳೆದರೆ ಟೂ ವೀಲ್‌ಗೆ ಬರುವುದೇ ಇಲ್ಲ. ಕಚ್ಚಿಕೊಂಡಿರ್ತದೆ. ಸ್ವಲ್ಪ ರಿವರ್ಸ್ ತೆಗೆದರೆ ಟಕ್ ಅಂತ ಬಿಡ್ತದೆ.

ಮೇಸ್ತ್ರಿ: ತಿರುವಿನಲ್ಲಿ ಕಚ್ಚುವುದಕ್ಕೆ ಕಾರಣ ಇದೆ. ತಿರುಗುವಾಗ ಮುಂದಿನ ಚಕ್ರಗಳ ದಾರಿ ಹಿಂದಿನವುಗಳಿಗಿಂತ ಉದ್ದ. ಹೊರಗಿನ ಚಕ್ರಕ್ಕೂ ಒಳಗಿನ ಚಕ್ರಕ್ಕೂ ಇರುವ ವ್ಯತ್ಯಾಸವನ್ನು ಡಿಫ್ರೆನ್ಷಿಯಲ್ ಸರಿದೂಗಿಸ್ತದೆ. ಆದರೆ ಮುಂದಿನ ಆಕ್ಸಲಿಗೂ ಹಿಂದಿನ ಆಕ್ಸಲಿಗೂ ನಡುವೆ ಈ ಗಾಡಿಯಲ್ಲಿ ಡಿಫ್ರೆನ್ಷಿಯಲ್ ಇಲ್ಲ. ಫೋರ್ ವೀಲ್ ಅಂದರೆ ಎರಡು ಶಾಫ್ಟನ್ನೂ ಒಟ್ಟಿಗೆ ಬಿಗಿದ ಹಾಗೆ. ಮಣ್ಣಿನಲ್ಲಿ ಟೈರು ಜಾರಿ ವ್ಯತ್ಯಾಸ ಕಳೆದುಕೊಳ್ತದೆ. ಟಾರಿನಲ್ಲಿ ಜಾರುವುದಿಲ್ಲ, ಶಾಫ್ಟು ತಿರುಚಿಕೊಳ್ತದೆ, ಹಲ್ಲು ಹಲ್ಲನ್ನು ಕಚ್ಚಿ ಹಿಡೀತದೆ. ರಿವರ್ಸ್ ತೆಗೆದರೆ ಆ ತಿರುಚು ಬಿಚ್ಚಿಕೊಳ್ತದೆ. ಟಾರಿನಲ್ಲಿ ಫೋರ್ ವೀಲ್ ಹಾಕಬಾರದು ಅನ್ನುವುದು ಇದಕ್ಕೇ.

ಚಾಲಕ: ಹಾಗಾದರೆ ಇದು ರೋಗವೇ ಅಲ್ಲ. ನಾನು ಓಡಿಸುವ ರೀತಿಯದ್ದೇ ತೊಂದರೆ.

ಮೇಸ್ತ್ರಿ: ತಾಳು. ನೇರ ಹೋಗುವಾಗ ಬರ್ತದಾ?

ಚಾಲಕ: ನೇರ ಹೋಗುವಾಗಲೂ... ಬರ್ತದೆ ಅನ್ನಿಸ್ತದೆ. ಗುಡ್ಡದಲ್ಲಿ ನೇರ ದಾರಿ ಎಲ್ಲಿದೆ?

ಮೇಸ್ತ್ರಿ: ಇಲ್ಲೇ ಶಾಲೆ ಮೈದಾನದ ಪಕ್ಕ ಗಟ್ಟಿ ನೆಲ ಇದೆ, ನೇರ ಇದೆ. ಎರಡೂ ಹಬ್ ಲಾಕ್ ಮಾಡು. ಫೋರ್ ವೀಲ್ ಹೈ ಹಾಕು. ಸ್ಟೇರಿಂಗ್ ಅಲ್ಲಾಡಿಸದೆ ನಿಧಾನ ಹೋಗು.

ಚಾಲಕ: ಕೇಳಿದಿರಾ? ಕರ್ರ್... ಗಾಡಿ ತಡೆದು ತಡೆದು ಹೋಗ್ತದೆ. ಲಿವರ್ ಬರ್ತಾ ಇಲ್ಲ.

ಮೇಸ್ತ್ರಿ: ಇದು ಓಡಿಸುವವನ ತಪ್ಪಲ್ಲ. ತಿರುವಿನಲ್ಲಿ ಮಾತ್ರ ಕಚ್ಚಿದ್ದರೆ ಅದು ಈ ಗಾಡಿಯ ಜಾಯಮಾನ ಅಂತ ಬಿಡಬಹುದಿತ್ತು, ಅಥವಾ ಮುಂದಿನ ಆಕ್ಸಲಿನ ಜಾಯಿಂಟ್ ನೋಡಬೇಕಿತ್ತು. ನೇರ ದಾರಿಯಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಒಂದೇ ದೂರ. ಅಲ್ಲೂ ಜಗಳ ಆದರೆ ಎರಡೂ ಕಡೆಯ ಲೆಕ್ಕವೇ ಬೇರೆ ಅಂತ ಅರ್ಥ. ಟೈರು ಯಾವಾಗ ಬದಲಿಸಿದೆ?

ಚಾಲಕ: ನಾಲ್ಕನ್ನೂ ಒಟ್ಟಿಗೆ ಹಾಕಿಸಿದ್ದೇನೆ.

ಮೇಸ್ತ್ರಿ: ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿದರೆ ಸುತ್ತಳತೆ ಬೇರೆಯಾಗಿ ಹೀಗೆ ಕಚ್ಚುವುದುಂಟು. ದಾರ ಹಿಡಿದು ನಾಲ್ಕನ್ನೂ ಅಳೆ, ಗಾಳಿಯೂ ಸಮ ಇದೆಯಾ ನೋಡು. ಸರಿ, ನಾಲ್ಕೂ ಒಂದೇ. ಪ್ರೊಪೆಲ್ಲರ್ ಶಾಫ್ಟನ್ನು ಪೇಟೆಯವರು ಬಿಚ್ಚಿ ಹಾಕಿದ್ದಾರಾ?

ಚಾಲಕ: ಇಲ್ಲ. ಯಾಕೆ?

ಮೇಸ್ತ್ರಿ: ಕ್ರಾಸ್ ಜಾಯಿಂಟ್ ಓರೆಯಲ್ಲಿ ತಿರುಗುವಾಗ ಒಂದೇ ವೇಗ ಕೊಡುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳ್ತದೆ. ಶಾಫ್ಟಿನ ಇನ್ನೊಂದು ತುದಿಯ ಕ್ರಾಸ್ ಅದನ್ನು ಸರಿಮಾಡ್ತದೆ, ಆದರೆ ಎರಡು ತುದಿಯ ಕವಲೂ ಒಂದೇ ಸಾಲಿನಲ್ಲಿದ್ದರೆ ಮಾತ್ರ. ಬಿಚ್ಚಿದವರು ನಡುವಿನ ಸ್ಪ್ಲೈನನ್ನು ಬಾಣದ ಗುರುತು ನೋಡದೆ ಸೇರಿಸಿದರೆ ಇಡೀ ಗಾಡಿ ನಡುಗ್ತದೆ. ನಿನ್ನ ಗುರುತು ಎದುರುಬದುರಾಗೇ ಇದೆ. ಇನ್ನು ಉಳಿದದ್ದು ಒಂದೇ. ಈ ಜೀಪು ಎಲ್ಲಿಂದ ತಂದೆ?

ಚಾಲಕ: ಘಟ್ಟದ ಕೆಳಗಿನವರೊಬ್ಬರದ್ದು. ಅವರು ಟಾರಿನಲ್ಲೇ ಓಡಿಸ್ತಿದ್ದರು. ಮುಂದೆ ಎಲ್ಲಿಗೋ ಗುದ್ದಿ ಹೌಸಿಂಗ್ ಬದಲಿಸಿದ್ದೇವೆ, ಈಗ ಚೆನ್ನಾಗಿದೆ ಅಂದಿದ್ದರು.

ಮೇಸ್ತ್ರಿ: ಹಾಂ! ಅದನ್ನು ಮೊದಲೇ ಹೇಳಬಾರದಿತ್ತಾ?

ಚಾಲಕ: ನೀವು ಶಬ್ದದ ಬಗ್ಗೆ ಕೇಳಿದಿರಿ, ಹೌಸಿಂಗ್ ಬಗ್ಗೆ ಕೇಳಲಿಲ್ಲ.

ಮೇಸ್ತ್ರಿ: ಅದೂ ಸರಿಯೇ. ನೋಡು, ಮಹೀಂದ್ರಾದವರು 1940ರ ದಶಕದ ಕೊನೆಗೆ ಮುಂಬೈಯಲ್ಲಿ ವಿಲ್ಲೀಸ್ ಜೀಪನ್ನು ಜೋಡಿಸಲು ಆರಂಭಿಸಿದರು. ಆಮೇಲೆ ದಶಕಗಟ್ಟಲೆ ಅದೇ ವಿನ್ಯಾಸ, ಹೆಸರು ಬೇರೆ, ಇಂಜಿನ್ ಬೇರೆ. ಅದರಿಂದ ನಮಗೊಂದು ಅನುಕೂಲ ಆಯಿತು. ಒಂದರ ಸಾಮಾನು ಇನ್ನೊಂದಕ್ಕೆ ಕೂರ್ತದೆ, ಗುಜರಿಯಿಂದ ತಂದರೂ ಬೋಲ್ಟು ಹೊಂದ್ತದೆ. ಅಪಾಯವೂ ಅದೇ. ಬೋಲ್ಟು ಹೊಂದಿದ ಮಾತ್ರಕ್ಕೆ ಒಳಗಿನ ಹಲ್ಲು ಹೊಂದಬೇಕಾಗಿಲ್ಲ. ಹಳೆ ಜೀಪುಗಳಲ್ಲಿ 43ಕ್ಕೆ 8 ಹಲ್ಲಿನ ಕ್ರೌನ್ ಪಿನಿಯನ್ನೂ ಉಂಟು, 39ಕ್ಕೆ 8ರದ್ದೂ ಉಂಟು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಚಾಲಕ: ಬಿಚ್ಚಿ ಹಲ್ಲು ಎಣಿಸಬೇಕಾ?

ಮೇಸ್ತ್ರಿ: ಬಿಚ್ಚದೆ ಎಣಿಸಬಹುದು. ಸೀಮೆಸುಣ್ಣ ತಾ. ಮುಂದಿನ ಒಂದು ಚಕ್ರ ಮಾತ್ರ ಎತ್ತು, ಇನ್ನೊಂದು ನೆಲದ ಮೇಲೇ ಇರಲಿ. ಎರಡು ಹಬ್ಬೂ ಲಾಕ್ ಇರಬೇಕು. ಒಂದು ಫ್ರೀ ಇದ್ದರೆ ಆ ಬದಿಯ ಆಕ್ಸಲ್ ತಾನೂ ತಿರುಗಿ ಲೆಕ್ಕ ಕೆಡ್ತದೆ. ಟ್ರಾನ್ಸ್‌ಫರ್ ಟೂ ವೀಲ್‌ಗೆ ಬರಲಿ, ಆಗ ಮುಂದಿನ ಶಾಫ್ಟ್ ಬಿಡುವಾಗಿರ್ತದೆ. ಟೈರಿಗೊಂದು ಗೆರೆ, ಶಾಫ್ಟಿಗೊಂದು ಗೆರೆ ಹಾಕು. ಒಂದು ಚಕ್ರ ನಿಂತು ಇನ್ನೊಂದೇ ತಿರುಗುವಾಗ ಚಕ್ರದ ಎರಡು ಸುತ್ತಿಗೆ ಕ್ರೌನಿನದ್ದು ಒಂದೇ ಸುತ್ತು. ಡಿಫ್ರೆನ್ಷಿಯಲಿನ ಗುಣ ಅದು. ಹಾಗಾಗಿ ಚಕ್ರವನ್ನು 16 ಸುತ್ತು ತಿರುಗಿಸು. ಕ್ರೌನ್ 8 ಸುತ್ತು ಹಾಕಿರ್ತದೆ. ಪಿನಿಯನ್ನಿಗೆ 8 ಹಲ್ಲು, ಆದ್ದರಿಂದ ಶಾಫ್ಟು ಕ್ರೌನಿಗೆ ಎಷ್ಟು ಹಲ್ಲಿದೆಯೋ ಅಷ್ಟು ಸುತ್ತು ಹಾಕಬೇಕು. ನೀನು ತಿರುಗಿಸು, ನಾನು ಅಡಿಯಲ್ಲಿ ಎಣಿಸ್ತೇನೆ.

ಚಾಲಕ: ಹದಿನಾರು ಆಯಿತು.

ಮೇಸ್ತ್ರಿ: ಇಲ್ಲಿ 43. ಈಗ ಹಿಂದಿನದು. ನಾಲ್ಕೂ ಕಡೆ ಯೋಚಿಸಿ ಕಲ್ಲು ಇಡು. ಟ್ರಾನ್ಸ್‌ಫರ್ ನ್ಯೂಟ್ರಲ್‌ಗೆ ತರಬೇಕು, ಆಗ ಗೇರಿನಲ್ಲಿಟ್ಟರೂ ಗಾಡಿ ನಿಲ್ಲುವುದಿಲ್ಲ. ಹ್ಯಾಂಡ್ ಬ್ರೇಕೂ ಬಿಡಬೇಕು. ಈ ಜೀಪಿನಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೇ ಇದೆ. ಅದು ಹಿಡಿದಿದ್ದರೆ ಶಾಫ್ಟೇ ತಿರುಗುವುದಿಲ್ಲ. ಕಲ್ಲೊಂದೇ ಆಧಾರ.

ಚಾಲಕ: ಇಟ್ಟೆ. ತಿರುಗಿಸ್ತೇನೆ... ಹದಿನಾರು.

ಮೇಸ್ತ್ರಿ: 39.

ಚಾಲಕ: ನಾಲ್ಕೇ ಹಲ್ಲು ವ್ಯತ್ಯಾಸ.

ಮೇಸ್ತ್ರಿ: ನಾಲ್ಕೇ ಹಲ್ಲು. ಫೋರ್ ವೀಲ್‌ನಲ್ಲಿ ಎರಡು ಶಾಫ್ಟೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆಗ ಹಿಂದಿನ ಚಕ್ರ ನೂರು ಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ 91 ಮೀಟರಿನ ಹತ್ತಿರ ಮಾತ್ರ ಉರುಳ್ತದೆ. ಉಳಿದ ಒಂಬತ್ತು ಮೀಟರನ್ನು ಯಾವುದೋ ಟೈರು ನೆಲಕ್ಕೆ ಉಜ್ಜಿಕೊಂಡೇ ಕಳೀಬೇಕು. ಹಿಂದಿನದು ತಳ್ತದೆ, ಮುಂದಿನದು ತಡೀತದೆ. ಸಡಿಲ ಕಲ್ಲಿನ ಮೇಲೆ ಹೇಗೋ ಜಾರಿ ಹೋಗಿದೆ. ಬಂಡೆ ಮೇಲೆ, ಗಟ್ಟಿ ನೆಲದ ಮೇಲೆ ಜಾರಲಿಕ್ಕೆ ಆಗದೆ ಕೂಗಿದೆ. ನಿನಗೆ ಫೋರ್ ವೀಲ್ ಹಾಕಿದ ಮೇಲೆ ಗಾಡಿ ಹಗುರ ಆಗುವ ಬದಲು ಭಾರ ಅನ್ನಿಸಲಿಲ್ಲವಾ?

ಚಾಲಕ: ಅನ್ನಿಸಿತ್ತು. ಇಂಜಿನ್ನಿಗೆ ವಯಸ್ಸಾಯಿತು ಅಂದುಕೊಂಡಿದ್ದೆ. ಟೈರು ಬೇಗ ಸವೆದದ್ದಕ್ಕೆ ಗುಡ್ಡದ ಕಲ್ಲನ್ನು ಬೈದಿದ್ದೆ.

ಮೇಸ್ತ್ರಿ: ಹಿಂದಿನ ಯಜಮಾನ ಟಾರಿನಲ್ಲೇ ಓಡಿಸಿದ. ಟೂ ವೀಲ್‌ನಲ್ಲಿ ಎರಡು ಲೆಕ್ಕವೂ ಪರಸ್ಪರ ಭೇಟಿ ಆಗುವುದೇ ಇಲ್ಲ. ಹೌಸಿಂಗ್ ಹಾಕಿದವನಿಗೂ ಗೊತ್ತಾಗಿರಲಿಕ್ಕಿಲ್ಲ. ಕ್ರೌನ್ ಎರಡೂ ಗಟ್ಟಿಮುಟ್ಟು. ಈ ಗಾಡಿಯಲ್ಲಿ ಮುರಿದದ್ದು ಇನ್ನೂ ಏನಿಲ್ಲ. ಹೀಗೇ ಓಡಿಸಿದರೆ ಆಕ್ಸಲೋ ಟ್ರಾನ್ಸ್‌ಫರಿನ ಹಲ್ಲೋ ಮುರೀತದೆ.

ಚಾಲಕ: ಹಾಗಾದರೆ ಪೇಟೆಯವರು ಹೇಳಿದ್ದೂ ಸರಿಯೇ ಆಯಿತಲ್ಲ. ಕ್ರೌನ್ ಬದಲಿಸಲೇಬೇಕು.

ಮೇಸ್ತ್ರಿ: ಅವರು ಹಿಂದಿನ 39ನ್ನು ಬಿಚ್ಚಿ ಅಂಥದ್ದೇ ಇನ್ನೊಂದು 39 ಹಾಕ್ತಿದ್ದರು. ಕ್ರೌನ್ ಹೊಸದಾಗ್ತಿತ್ತು, ಎರಡು ಶಬ್ದವೂ ಹಳೆಯದೇ ಇರ್ತಿತ್ತು. ಆಗ ನೀನು ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸ್ತಿದ್ದೆ, ಅದಾದ ಮೇಲೆ ಗೇರ್ ಬಾಕ್ಸ್.

ಚಾಲಕ: ಈಗ ಯಾವುದನ್ನು ಬದಲಿಸುವುದು? ಗುಡ್ಡ ಹತ್ತುವ ಗಾಡಿ. 43ರದ್ದೇ ಎಳೆತ ಜಾಸ್ತಿ ಅಲ್ಲವಾ? ಹಿಂದಿನದಕ್ಕೂ ಅದನ್ನೇ ಹಾಕಿಬಿಡೋಣ.

ಮೇಸ್ತ್ರಿ: ಶೇಕಡಾ ಹತ್ತರಷ್ಟು ಎಳೆತ ಜಾಸ್ತಿ ಸಿಗ್ತದೆ, ನಿಜ. ಆದರೆ ಲೋ ಗೇರು ಹಾಕಿದರೆ ಟ್ರಾನ್ಸ್‌ಫರ್ ಕೇಸೇ ಎಳೆತವನ್ನು ಎರಡೂವರೆ ಪಟ್ಟಿನ ಹತ್ತಿರ ಮಾಡ್ತದೆ. ಅದರ ಮುಂದೆ ಈ ಶೇಕಡಾ ಹತ್ತು ಎಷ್ಟರದ್ದು? ಕೊಲ್ಲೂರಿನಿಂದ ಜನ ತುಂಬಿಕೊಂಡು ಟಾರಿನಲ್ಲಿ ಬರುವಾಗ ಮಾತ್ರ ಇಂಜಿನ್ ಅಷ್ಟೂ ದೂರ ಶೇಕಡಾ ಹತ್ತರಷ್ಟು ಜಾಸ್ತಿ ಕಿರುಚಬೇಕು, ಡೀಸೆಲ್ ಕುಡೀಬೇಕು. ಈ ಗಾಡಿಗೆ ಮೊದಲಿನಿಂದ ಇದ್ದದ್ದು ಹಿಂದಿನ 39. ಬಂದವನು ಮುಂದಿನವನು. ಅವನನ್ನೇ ಬದಲಿಸೋಣ.

ಚಾಲಕ: ಕ್ರೌನ್ ಒಂದೇ ತಂದರೆ ಸಾಕಾ? ಪಿನಿಯನ್ನಿಗೆ ಹೇಗೂ ಎರಡರಲ್ಲೂ 8 ಹಲ್ಲು ತಾನೇ?

ಮೇಸ್ತ್ರಿ: ಎಂದಿಗೂ ಹಾಗೆ ತರಬೇಡ. ಕಾರ್ಖಾನೆಯಲ್ಲಿ ಕ್ರೌನನ್ನೂ ಪಿನಿಯನ್ನನ್ನೂ ಒಂದಕ್ಕೊಂದು ತಿರುಗಿಸಿ, ತಿಕ್ಕಿ ಜೋಡಿ ಮಾಡಿರ್ತಾರೆ. ಜೋಡಿ ಒಡೆದರೆ ಹೊಸದರಲ್ಲೇ ಕೂಗಲು ಶುರು. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿದೆಯಾ ನೋಡು. ಗುಜರಿಯಲ್ಲಿ ಇಡೀ ಹೌಸಿಂಗ್ ಸಿಕ್ಕಿದರೂ ಆದೀತು. ಆದರೆ ಅಲ್ಲೇ 16 ಸುತ್ತು ತಿರುಗಿಸಿ 39 ಎಣಿಸಿ ಆಮೇಲೆ ದುಡ್ಡು ಕೊಡು. ಅಂಗಡಿಯವನ ಬಾಯಿ ಮಾತು ಬೇಡ.

ಚಾಲಕ: ಹಾಕಲಿಕ್ಕೆ ಎಷ್ಟು ಹೊತ್ತು?

ಮೇಸ್ತ್ರಿ: ಕೂರಿಸುವುದು ಬೇಗ ಆಗ್ತದೆ, ಸರಿಯಾಗಿ ಕೂತಿದೆಯಾ ಅಂತ ನೋಡುವುದಕ್ಕೇ ಹೊತ್ತು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆಯೋ ಅಂಚಿಗೆ ಹೋಗಿದೆಯೋ ನೋಡಬೇಕು. ಅಂಚಿಗೆ ಹೋಗಿದ್ದರೆ ಶಿಮ್ ತೆಗೆದು, ಹಾಕಿ, ಮತ್ತೆ ತಿರುಗಿಸಬೇಕು. ಇದಕ್ಕೆ ಅವಸರ ಮಾಡಿದರೆ ನೀನು ನಿಜವಾದ ಕ್ರೌನಿನ ಶಬ್ದ ಹೇಗಿರ್ತದೆ ಅಂತ ಕೇಳ್ತೀಯ.

ಚಾಲಕ: ಬೇರಿಂಗ್ ಇವತ್ತೇ ಆಗ್ತದಾ? ನಾಳೆ ಬೆಳಿಗ್ಗೆ ಕೊಲ್ಲೂರಿನಿಂದ ಬಾಡಿಗೆ ಇದೆ.

ಮೇಸ್ತ್ರಿ: ಹಬ್ಬಿನ ಬೇರಿಂಗ್ ಒಳಗಿನದ್ದೂ ಹೊರಗಿನದ್ದೂ ಸೀಲೂ ಹಾಕ್ತೇನೆ, ಸಂಜೆಗೆ ಆಗ್ತದೆ. ಎಲ್ಲಿಗೆ ಬಾಡಿಗೆ?

ಚಾಲಕ: ಮೇಲಕ್ಕೆ. ಎಂಟು ಜನ.

ಮೇಸ್ತ್ರಿ: ಅದನ್ನು ಬೇರೆ ಜೀಪಿನವನಿಗೆ ಬಿಟ್ಟುಕೊಡು. ಹಬ್ ಫ್ರೀ ಮಾಡಿಕೊಂಡು ಟಾರಿನಲ್ಲಿ ಎಷ್ಟು ಬೇಕಾದರೂ ಓಡಿಸು, ಏನೂ ಆಗುವುದಿಲ್ಲ. ಫೋರ್ ವೀಲ್ ಹಾಕಿದರೆ ಮುಂದಿನದು ಹಿಂದಿನದರ ಜೊತೆ ಜಗಳ, ಹಾಕದಿದ್ದರೆ ಎರಡೇ ಚಕ್ರ. ಎರಡು ಚಕ್ರದಲ್ಲಿ ಎಂಟು ಜನರನ್ನು ಕೂರಿಸಿಕೊಂಡು ಹತ್ತುವ ದಾರಿಯಲ್ಲ ಅದು.